ಯುದ್ಧಕಾಲದ ಕಪ್ ಚಿಕ್ಕದೆಂದ ಕಚೇರಿಗೆ

ಥಾರ್ನ್‌ಬೆಕ್ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ಕ್ಲಬ್ 1944ರಲ್ಲಿ ಗೆದ್ದ ಯುದ್ಧಕಾಲದ ಕಪ್ "ಪ್ರಮುಖ ಪ್ರಶಸ್ತಿಗಳ ಸಾಲಿಗೆ ಸೇರುವುದಿಲ್ಲ"ವೆಂದೂ, ಆದಕಾರಣ ಆ ತಂಡದಲ್ಲಿ ಇನ್ನೂ ಬದುಕಿರುವ ಒಬ್ಬರೇ ಒಬ್ಬರಾದ ನಮ್ಮ ಯಜಮಾನರು ಹೆಡ್ಲಿ ಓಲ್ಡ್‌ರಾಯ್ಡ್ ಅವರಿಗೆ ಶನಿವಾರ ವೇದಿಕೆಯ ಮೇಲೆ ಕುರ್ಚಿ ಇಲ್ಲವೆಂದೂ ತಾವು ಬರೆದ ಕಾಗದ ತಲುಪಿತು. ಹೊಸ ಗೋಡೆಯ ಮೇಲೆ ಕಪ್‌ಗಳ ಹೆಸರು ಕೆತ್ತಿಸಿ ಗೆದ್ದವರಿಗೆ ಸನ್ಮಾನ ಮಾಡುತ್ತೀರಂತೆ. ಗೆದ್ದವರನ್ನು ಮನೆಯಲ್ಲೇ ಕೂರಿಸಿ!

ಕಪ್‌ಗಳ ದೊಡ್ಡತನವನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ ಸ್ವಾಮಿ? ಮೊದಲ ವರ್ಷ ಎಫ್.ಎ. ಕಪ್‌ಗೆ ಹೆಸರು ಕೊಟ್ಟದ್ದು ಹದಿನೈದೇ ಕ್ಲಬ್. ಆಮೇಲೆ ಆ ಕಪ್ಪನ್ನೇ ಅಂಗಡಿಯ ಕಿಟಕಿಯಿಂದ ಕಳ್ಳರು ಹೊತ್ತೊಯ್ದರು, ಇವತ್ತಿಗೂ ಸಿಕ್ಕಿಲ್ಲ. ಅದು ದೊಡ್ಡದು. ಲೀಗ್ ಕಪ್ ಶುರುವಾದಾಗ ಹೆಸರುವಾಸಿ ಕ್ಲಬ್‌ಗಳು ಮೂಗು ಮುರಿದು ಆಡಲೇ ಬರಲಿಲ್ಲ. ಈಗ ಅದೂ ದೊಡ್ಡದು. ನಮ್ಮದು ನಿಮ್ಮದೇ ಬೀರುವಿನಲ್ಲಿ ಕಿಲುಬು ಹಿಡಿದು ಕೂತಿದೆ, ಅದೊಂದು ಚಿಕ್ಕದು! ಫೋನಿನಲ್ಲಿ ತಾವೇ ಅಂದಿರಲ್ಲ, "ಅಮ್ಮಾ, ಯುದ್ಧದಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ" ಅಂತ. "ಹಾಗಾದ್ರೆ ಯುದ್ಧಾನೂ ಲೆಕ್ಕಕ್ಕಿಲ್ವೇನಪ್ಪಾ?" ಅಂದೆ. ಫೋನ್ ಇಟ್ಟುಬಿಟ್ಟಿರಿ.

ಫೈನಲ್ ದಿನ ನಾನು ಅಲ್ಲೇ ಇದ್ದೆ. ಬಾಂಬಿನ ಸೈರನ್ನಿಗೆ ರೈಲು ನಿಂತು ನಮ್ಮವರು ಹತ್ತೇ ಜನ ಬಂದಿದ್ದರು. ಮ್ಯಾನೇಜರು ಜನರ ಕಡೆ ತಿರುಗಿ ಕೂಗಿದರು: "ಆಡೋಕೆ ಬರೋರು ಯಾರಾದ್ರೂ ಇದ್ದೀರೇನ್ರಪ್ಪಾ?" ನನ್ನ ಪಕ್ಕದಲ್ಲಿ ಮಾಂಸದ ಕಡುಬಿನಂಥ ಪೈ ತಿನ್ನುತ್ತಿದ್ದ ಸಿಪಾಯಿ ಕೈ ಎತ್ತಿದ. ಅರ್ಧ ಪೈ ನನಗೆ ಕೊಟ್ಟು, "ಹಿಡ್ಕೊಂಡಿರಿ, ತಿಂದ್ಬಿಟ್ಟೀರಿ ಮತ್ತೆ" ಅಂದ. ರೇಷನ್ ಕಾಲ, ತಿಂದೆ. ಎರವಲು ಬೂಟು ಹಾಕಿಕೊಂಡು ಓಡಿದವನ ಬೆನ್ನಿಗೆ ಚೆಂಡು ಬಡಿದು ಗೋಲಾಯಿತು. ಅದೊಂದೇ ಗೋಲು. ಕಪ್ ಬಂತು. ಆಟ ಮುಗಿದ ಮೇಲೆ ಅವನು ನೇರ ನನ್ನ ಹತ್ತಿರ ಬಂದು, "ಪೈ ಎಲ್ರೀ?" ಅಂದ. ಮುಂದಿನ ವರ್ಷ ನಮ್ಮಿಬ್ಬರ ಮದುವೆಯಾಯಿತು.

ಅವರು "ಕ್ಲಬ್ಬಿಗೆ ಸೇರಿದವರಲ್ಲ, ಅತಿಥಿ ಆಟಗಾರ" ಎಂದೂ ಬರೆದಿದ್ದೀರಿ. ಆ ಕಾಲದಲ್ಲಿ ಯಾವ ತಂಡಕ್ಕೆ ಹನ್ನೊಂದೂ ಜನ ಸ್ವಂತದವರಿದ್ದರು? ಹತ್ತಿರದ ಸೈನ್ಯದ ಶಿಬಿರದಲ್ಲಿ ಯಾರಿದ್ದರೋ ಅವರೇ ತಂಡ. ಅತಿಥಿಯನ್ನು ಕರೆದು ಗೆಲ್ಲಿಸಿಕೊಂಡು, ಐವತ್ತು ವರ್ಷದ ಮೇಲೆ "ನೀವ್ಯಾರು?" ಅನ್ನುವುದು ಯಾವ ಊರಿನ ಮರ್ಯಾದೆ?

ನಿಮ್ಮ ಕಾಗದವನ್ನು ಅವರಿಗೆ ತೋರಿಸಿಲ್ಲ, ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದೇನೆ. ಇದನ್ನು ಊರಿನ ಪತ್ರಿಕೆಗೂ ಕಳಿಸಿದ್ದೇನೆ; ಅವರು ಅದರಲ್ಲಿ ಆಟದ ಪುಟ ಬಿಟ್ಟರೆ ಬೇರೇನೂ ಓದುವುದಿಲ್ಲ. ಆದ್ದರಿಂದ ಈ ಪತ್ರವನ್ನು ಜಾಮ್ ಮಾಡುವ ಸ್ಪರ್ಧೆಯ ಫಲಿತಾಂಶದ ಪಕ್ಕ ಹಾಕಿ ಎಂದು ಸಂಪಾದಕರನ್ನು ಬೇಡಿಕೊಂಡಿದ್ದೇನೆ. ನಮ್ಮ ಯಜಮಾನರು ಶನಿವಾರಕ್ಕೆಂದು ಮೂರು ದಿನದಿಂದ ಕನ್ನಡಿ ಮುಂದೆ ನಿಂತು ಟೈ ಬದಲಾಯಿಸುತ್ತಿದ್ದಾರೆ.

ನನ್ನ ಬೇಡಿಕೆ ಇಷ್ಟೇ: ಗೋಡೆಯ ಮೇಲೆ 1944, ವೇದಿಕೆಯ ಮೇಲೆ ಒಂದು ಕುರ್ಚಿ. ಆಗುವುದಿಲ್ಲವೋ, ಸರಿ. ಶನಿವಾರ ಎರಡು ಗಂಟೆಗೆ ಅವರನ್ನು ಕರೆದುಕೊಂಡೇ ಬರುತ್ತೇನೆ. "ಓಲ್ಡ್‌ರಾಯ್ಡ್ ಅವರೇ, ನೀವು ಏನೂ ಗೆದ್ದಿರಲಿಲ್ಲ" ಎಂದು ಊರಿನವರೆದುರು ತಾವೇ ಹೇಳಿ. ಬಲಗಡೆಗೆ ನಿಂತು ಜೋರಾಗಿ ಹೇಳಿ, ಅವರಿಗೆ ಎಡಗಿವಿ ಕೇಳಿಸುವುದಿಲ್ಲ.

ಇಂತಿ,
ಲೆಕ್ಕಕ್ಕಿಲ್ಲದ ಕಪ್ ಗೆದ್ದವರ ಕೋಟಿಗೆ ಇಸ್ತ್ರಿ ಹಾಕುತ್ತಿರುವ,
ಹೆಟ್ಟಿ ಓಲ್ಡ್‌ರಾಯ್ಡ್