ಬುಧವಾರ, ಶನಿವಾರದ ಊಟ

ಜೂನ್ 4, ಬುಧವಾರ. ರಾತ್ರಿ 8

ಕ್ಯಾರೆಟ್ ತುರಿದು ಮೊಟ್ಟೆಯಲ್ಲಿ ಕಲಸಿ ರೈಸ್ ಕುಕ್ಕರಿನಲ್ಲೇ ಬೇಯಿಸಿದೆ. ರೂಮಿನಲ್ಲಿ ಗ್ಯಾಸ್ ಇಡಲು ಓನರ್ ಬಿಡುವುದಿಲ್ಲ. ಎಣ್ಣೆ ಒಂದೇ ಚಮಚ. ಕೇಕ್ ಥರ ಉಬ್ಬಿ ಬಂತು. ಐದು ತುಂಡು ಮಾಡಿದೆ. ಮಗಳು ಬಟಾಣಿ ಐದನ್ನೂ ತಿಂದಳು. ನಿಧಾನ. ಆದರೆ ಬಿಡಲಿಲ್ಲ.

ಹುಟ್ಟಿದಾಗ ಅಂಗೈಯಷ್ಟಿದ್ದಳು ಅಂತ ನಾನೇ ಇಟ್ಟ ಹೆಸರು. ಈಗ ಐದು ವರ್ಷ. ಹೊರಗೆ ಆ ಹೆಸರು ಹಿಡಿದು ಕೂಗಿದರೆ ಮುಖ ಊದಿಸುತ್ತಾಳೆ.

ಬುಧವಾರ, ಶನಿವಾರ. ಐದೂವರೆಯಿಂದ ಏಳೂವರೆ ನನ್ನ ಹತ್ತಿರ. ಅತ್ತೆ ತಂದು ಮೆಟ್ಟಿಲ ಬುಡದಲ್ಲಿ ಬಿಡುತ್ತಾರೆ, ಮೇಲೆ ಹತ್ತುವುದಿಲ್ಲ. ಅವಳಮ್ಮ ಹಲ್ಲಿನ ಕ್ಲಿನಿಕ್ಕಿನ ಕೆಲಸ ಮುಗಿಸಿಕೊಂಡು ಬಂದು ಕರೆದೊಯ್ಯುತ್ತಾಳೆ. ಈ ತಿಂಗಳು ಸರಿಯಾಗಿ ನಡೆದರೆ ಶನಿವಾರ ರಾತ್ರಿ ಇಲ್ಲೇ ಮಲಗಬಹುದು ಅಂದಿದ್ದಾಳೆ. ವಾರಕ್ಕೊಂದು ರಾತ್ರಿ. ಬೆಳಗ್ಗೆ ಕಣ್ಣು ಬಿಟ್ಟಾಗ ರೂಮಿನಲ್ಲಿ ಇನ್ನೊಂದು ಉಸಿರು. ಅಷ್ಟೇ ಬೇಕು.

ಜೂನ್ 7, ಶನಿವಾರ. ರಾತ್ರಿ 8

ಅನ್ನ, ಬೀನ್ಸ್, ಕುಂಬಳಕಾಯಿ. ಎಲ್ಲ ಒಟ್ಟಿಗೆ ಮೆತ್ತಗೆ ಬೇಯಿಸಿ ಮೇಲೆ ಚೂರು ಬೆಣ್ಣೆ. ಉಪ್ಪು ಕಡಿಮೆ. ಖಾರ ಇಲ್ಲ. ಬಟ್ಟಲು ತುಂಬ ಹಾಕಿದೆ.

"ಅಪ್ಪ, ಇಷ್ಟೊಂದಾ?"

"ಬೆಳೀಬೇಕಲ್ವಾ? ಅಪ್ಪನಿಗೊಂದು ತುತ್ತು, ಅಮ್ಮನಿಗೊಂದು ತುತ್ತು..."

"ಅಜ್ಜಿಗೆ ಬೇಡ" ಅಂದಳು. ನಗು ಬಂತು. ಬಟ್ಟಲು ಖಾಲಿ.

ಮೊಬೈಲಿನಲ್ಲಿ ಲಿಸ್ಟ್ ಮಾಡಿಟ್ಟಿದ್ದೇನೆ. ಆಲೂಗಡ್ಡೆ–ಬಟಾಣಿ ಉಂಡೆ. ಟೊಮೇಟೊ ಸೂಪಿಗೆ ಬ್ರೆಡ್. ಪಾಲಕ್ ಅನ್ನ. ಹತ್ತನೇ ಕ್ಲಾಸಿನ ಪರೀಕ್ಷೆಗೂ ಇಷ್ಟು ಓದಿರಲಿಲ್ಲ.

ಜೂನ್ 9, ಸೋಮವಾರ

ಇವತ್ತಿನ ಕೆಲಸ ಆಸ್ಪತ್ರೆಯ ಲಿಫ್ಟ್ ರಿಪೇರಿ. ಸಂಜೆ ಬೇಗ ಬಿಟ್ಟರು. ಎರಡು ಬಸ್‌ಸ್ಟಾಪ್ ಸುಮ್ಮನೆ ನಡೆದೆ, ವಾಪಸ್ ಬಂದೆ. ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮೂರು ವರ್ಷದಲ್ಲಿ ಏಳು ಕೆಲಸ ಬಿಟ್ಟಿದ್ದೂ ಈ ಕಾಲೇ, ಮನೆ ಬಿಟ್ಟಿದ್ದೂ ಇದೇ.

ಊಟ — ಬನ್ನು. ನಿಂತುಕೊಂಡೇ. ಒಬ್ಬನಿಗೆ ಯಾರು ಪಾತ್ರೆ ತೊಳೆಯುತ್ತಾರೆ.

ಜೂನ್ 11, ಬುಧವಾರ. ರಾತ್ರಿ 8

ಆಲೂಗಡ್ಡೆ ಉಂಡೆ ಆರು, ಒಂದು ಬೇಯಿಸಿದ ಮೊಟ್ಟೆ. ಕೊನೆಯ ಉಂಡೆ ಕೆನ್ನೆಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. "ನುಂಗು ಚಿನ್ನ" ಅಂದೆ. ನುಂಗಿದಳು.

ಬಾಗಿಲಲ್ಲಿ ಅವಳಮ್ಮ ಖಾಲಿ ಪ್ಲೇಟ್ ನೋಡಿದಳು.

"ಎಲ್ಲಾ ತಿಂದ್ಲಾ? ಮನೇಲಿ ಓಡಾಡಿಸ್ಕೊಂಡು ತಿನ್ನಿಸ್ಬೇಕು."

"ನನ್ನ ಕೈಗುಣ."

"ಆಹಾ!" ಅಂದಳು. ನಕ್ಕಳು ಕೂಡ. ಎಷ್ಟೋ ತಿಂಗಳಾಗಿತ್ತು. "ಇನ್ನೆರಡು ವಾರ ಹೀಗೇ ನಡೀಲಿ. ಆಮೇಲೆ ಶನಿವಾರ ಮಲಗ್ಲಿ ಬಿಡು."

ಪುಟ್ಟ ಹಾಸಿಗೆ ಎಲ್ಲಿ ಸಿಗುತ್ತದೆ ಕೇಳಬೇಕು.

ಜೂನ್ 12, ಗುರುವಾರ. ಬೆಳಗ್ಗೆ 7.15

ಫೋನ್. ಅವಳಮ್ಮ.

"ಏನ್ ಹಾಕ್ದೆ ನೀನು ಅವಳಿಗೆ? ನಾಲ್ಕು ಸಲ ವಾಂತಿ. ಹೊಟ್ಟೆ ಹಿಡ್ಕೊಂಡು ಅಳ್ತಿದಾಳೆ."

ಹಿಂದಿನಿಂದ ಅತ್ತೆಯ ಗಂಟಲು: "ನಾನು ಮೊದ್ಲೇ ಬಡ್ಕೊಂಡೆ!"

ಉಳಿದ ಮೊಟ್ಟೆ ಒಂದೊಂದನ್ನೇ ನೀರಿನಲ್ಲಿ ಹಾಕಿ ನೋಡಿದೆ. ಎಲ್ಲ ಮುಳುಗಿದವು. ಎಲ್ಲ ಚೆನ್ನಾಗಿವೆ. ಮತ್ತೇನು? ಕುಕ್ಕರಾ? ನನ್ನ ಕೈಯಾ? ಗ್ರೀಸ್ ಹೋಗುವ ತನಕ ತಿಕ್ಕಿ ತೊಳೆದಿದ್ದೆನಲ್ಲ...

ಸಂಜೆ

ಡಾಕ್ಟರು ಅಜೀರ್ಣ ಅಂದರಂತೆ. ಈಗ ಪರವಾಗಿಲ್ಲವಂತೆ. ಎರಡು ವಾರ ಕಳಿಸುವುದಿಲ್ಲ. ಮಲಗುವ ಮಾತು ಎತ್ತಲೇ ಬೇಡ ಅಂದಳು.

ಲಿಫ್ಟ್ ಕೆಲಸದ ಮೇಸ್ತ್ರಿಗೆ ಹೇಳಿದೆ. "ಲೋ, ಲಿಫ್ಟಿಗಾದ್ರೆ ಎಂಟು ಜನ ಅಂತ ಬೋರ್ಡ್ ಇರುತ್ತೆ. ಜಾಸ್ತಿಯಾದ್ರೆ ಕೂಗುತ್ತೆ. ಮಗು ಪಾಪ ಏನ್ ಕೂಗುತ್ತೆ? ಎಷ್ಟು ತುರುಕ್ದೆ ನೀನು?" ಅಂದ.

ತುರುಕಲಿಲ್ಲ. ಆರು ಚಿಕ್ಕ ಉಂಡೆ.

ಜೂನ್ 28, ಶನಿವಾರ. ರಾತ್ರಿ 8.30

ಬಂದಳು. ಸ್ವಲ್ಪ ಇಳಿದಿದ್ದಾಳೆ. ಗಂಜಿ ಮಾಡಿಟ್ಟಿದ್ದೆ, ತೆಳ್ಳಗೆ. ಎತ್ತಿ ಕೂರಿಸುವಾಗ ನೋಡಿದೆ — ಫ್ರಾಕಿನ ತೋಳಿನ ಮೇಲೆ ಒಂದು ಅಗುಳು. ಇನ್ನೂ ಹಸಿ.

"ಊಟ ಮಾಡ್ಕೊಂಡ್ ಬಂದ್ಯಾ ಚಿನ್ನ?"

ತೋಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಬೈಯಲ್ಲ. ಹೇಳು."

"ದಿನಾ ಮಾಡ್ಸೇ ಕರ್ಕೊಂಡ್ ಬರ್ತಾರೆ ಅಜ್ಜಿ. ಅಪ್ಪನ ಹತ್ರ ಏನಿರುತ್ತೋ ಇಲ್ವೋ ಅಂತಾರೆ. ಯಾರಿಗೂ ಹೇಳ್ಬಾರ್ದು."

"ಹೊಟ್ಟೆ ತುಂಬಿದ್ರೆ ಮತ್ತೆ ಇಲ್ಲಿ ಯಾಕೆ ತಿಂತಿದ್ದೆ?"

"ನೀನು ನೋಡ್ತಾ ಕೂತಿರ್ತೀಯಲ್ಲ."

ಎದ್ದು ಹೋಗಿ ಗಂಜಿಯ ಮುಚ್ಚಳ ಮುಚ್ಚಿದೆ. ನಲ್ಲಿ ಬಿಟ್ಟು ಸುಮ್ಮನೆ ಕೈ ತೊಳೆದೆ. ನನ್ನ ಮುಖ ನೋಡಿಕೊಂಡು ಆರು ಉಂಡೆ ನುಂಗಿದೆ ಈ ಮಗು.

"ಅಜ್ಜಿ ಹೆಸರು ಹೇಳ್ಬೇಡ ಅಪ್ಪ. ಆಣೆ ಮಾಡು."

ಮಾಡಿದೆ.

ಏಳೂವರೆಗೆ ಅವಳಮ್ಮ ಬಂದಳು. ಮಾತು ನಾಲಿಗೆ ತುದಿಗೇ ಬಂದಿತ್ತು. ಒಂದು ವಾಕ್ಯ ಹೇಳಿದ್ದರೆ ಸಾಕು, ತಪ್ಪು ನನ್ನ ಮೇಲಿಂದ ಇಳಿಯುತ್ತಿತ್ತು, ಶನಿವಾರದ ರಾತ್ರಿಯೂ ಸಿಗುತ್ತಿತ್ತೇನೋ. ಬಟಾಣಿ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು.

"ಏನ್ ಕೊಟ್ಟೆ?"

"ಏನೂ ಕೊಡ್ಲಿಲ್ಲ. ಇನ್ಮೇಲೆ ನೀವೇ ಊಟ ಮಾಡ್ಸಿ ಕಳ್ಸಿ."

"ಇಷ್ಟು ಬೇಗ ಸಾಕಾಯ್ತಾ? ಗೊತ್ತಿತ್ತು ನಂಗೆ." ಕೈ ಹಿಡಿದುಕೊಂಡು ಇಳಿದು ಹೋದಳು.

ಅತ್ತೆಯ ಮೇಲೆ ಸಿಟ್ಟು ತರಿಸಿಕೊಳ್ಳೋಣ ಅಂದರೆ ಅದೂ ಆಗುತ್ತಿಲ್ಲ. ಹೋದ ವರ್ಷ ಅವಳನ್ನು ನನ್ನ ಹತ್ತಿರ ಬಿಟ್ಟಿದ್ದ ದಿನ, ಹೊಸ ಕೆಲಸದ ಬಗ್ಗೆ ಯಾರನ್ನೋ ನೋಡಲು ಅಲೆದು, ಒಂಬತ್ತು ಗಂಟೆವರೆಗೆ ಮಗುವಿಗೆ ಒಂದು ಬಿಸ್ಕತ್ತೂ ಕೊಟ್ಟಿರಲಿಲ್ಲ. ಅತ್ತೆ ಅದನ್ನು ಮರೆತಿಲ್ಲ. ಯಾಕೆ ಮರೆಯಬೇಕು?

ಜುಲೈ 2, ಬುಧವಾರ

ಅಡುಗೆ ಇಲ್ಲ. ಚಿತ್ರ ಬರೆದೆವು. ನಾನು ಬರೆದ ಆನೆ ನೋಡಿ "ಇದು ಸ್ಕೂಟರಾ?" ಅಂದಳು.

ಐದು ಐವತ್ತಕ್ಕೆ ಎಲ್ಲ ಮುಗಿಯಿತು.

ಎರಡು ಗಂಟೆ ಎಷ್ಟು ಉದ್ದ ಅಂತ ಇವತ್ತು ಗೊತ್ತಾಯಿತು. ತರಕಾರಿ ಹೆಚ್ಚುವುದು, ಬೇಯಿಸುವುದು, ಆರಿಸುವುದು, ತಿನ್ನಿಸುವುದು — ಅದರಲ್ಲೇ ಕಳೆಯುತ್ತಿತ್ತು. ಪ್ಲೇಟ್ ಎತ್ತಿಟ್ಟರೆ ನಮ್ಮಿಬ್ಬರ ನಡುವೆ ಏನೂ ಇಲ್ಲ. ಏನು ಮಾತಾಡಬೇಕು ಅಂತಲೇ ನನಗೆ ಗೊತ್ತಿಲ್ಲ.

ಜುಲೈ 5, ಶನಿವಾರ

ಪಾರ್ಕ್. ಉಯ್ಯಾಲೆ ಕಿತ್ತುಹೋಗಿತ್ತು. "ಅಮ್ಮ ಎಷ್ಟೊತ್ತಿಗೆ ಬರ್ತಾಳೆ?" ಮೂರು ಸಲ ಕೇಳಿದಳು.

ಜುಲೈ 12, ಶನಿವಾರ

ಜ್ವರ ಬರೋ ಹಾಗಿದೆ, ಕಳಿಸಲ್ಲ ಅಂತ ಮೆಸೇಜ್. ಇರಬಹುದು. ಬರಲು ಅವಳಿಗೇ ಮನಸ್ಸಿಲ್ಲದೆಯೂ ಇರಬಹುದು.

ಮೊಬೈಲಿನ ಲಿಸ್ಟ್ ಅಳಿಸಿದೆ. ಮೇಸ್ತ್ರಿ ಬೇರೆ ಊರಿನ ಕೆಲಸ ಇದೆ, ಆರು ತಿಂಗಳು, ಬರ್ತೀಯಾ ಅಂದ. ಬುಧವಾರ ಹೇಳುತ್ತೇನೆ ಅಂದೆ. ಕಾಲು ಆಗಲೇ ಕುಣಿಯುತ್ತಿದೆ.

ಜುಲೈ 16, ಬುಧವಾರ. ಸಂಜೆ 6.10

ಇವತ್ತು ಅತ್ತೆ ಮೆಟ್ಟಿಲು ಹತ್ತಿ ಬಂದರು. ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತಾ. ಬಾಗಿಲಲ್ಲೇ ನಿಂತರು.

"ತಗೋಪ್ಪ ನಿನ್ನ ಮಗಳ್ನ. ಮಧ್ಯಾಹ್ನದಿಂದ ಹಲ್ಲು ಕಚ್ಕೊಂಡು ಕೂತಿದಾಳೆ. ಒಂದು ಅಗುಳು ಒಳಗೆ ಬಿಟ್ಟಿಲ್ಲ. ಅಪ್ಪನ ಮನೇಲೇ ತಿಂತಾಳಂತೆ."

"ಒಳಗೆ ಬನ್ನಿ ಅತ್ತೆ. ನೀರು ಕೊಡ್ತೀನಿ."

"ನೀರು ಬೇಡ. ನಾನು ಊಟ ಮಾಡ್ಸಿ ತರ್ತಿದ್ದಿದ್ನ ನಿಂಗೆ ಹೇಳ್ಬಿಟ್ಟೆ ಅಂತ ಇವಳು ಆವತ್ತೇ ಅಂದ್ಲು. ಅದನ್ನ ನೀನು ಅವಳಮ್ಮನಿಗೆ ಹೇಳ್ತೀಯ ಅಂತ ದಿನಾ ಕಾಯ್ತಿದ್ದೆ. ಯಾಕೆ ಹೇಳ್ಲಿಲ್ಲ?"

ನಾನು ಬಟಾಣಿಯ ಚಪ್ಪಲಿ ಬಿಚ್ಚಿದೆ. ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಹೊಟ್ಟೆ ನೋಡ್ಕೊಂಡು ಹಾಕು" ಅಂದು ಇಳಿದರು. ನಾಲ್ಕು ಮೆಟ್ಟಿಲು ಇಳಿದು ಅಲ್ಲಿಂದಲೇ, "ರಾತ್ರಿ ನಾನೇ ಹೇಳ್ತೀನಿ ಅವಳಿಗೆ."

ಮನೆಯಲ್ಲಿ ಏನೂ ತಂದಿಟ್ಟಿಲ್ಲ. ಡಬ್ಬದ ತಳದಲ್ಲಿ ಒಂದು ಹಿಡಿ ಅಕ್ಕಿ. ಎರಡು ಆಲೂಗಡ್ಡೆ, ಮೊಳಕೆ ಬಂದವು, ಅವನ್ನು ಎಸೆದೆ. ಒಂದು ಮೊಟ್ಟೆ. ಕುಕ್ಕರ್ ಹಾಕಿದ್ದೇನೆ. ಅನ್ನ, ಮೊಟ್ಟೆ, ಉಪ್ಪು. ಹೆಚ್ಚುವುದಕ್ಕೂ ಏನಿಲ್ಲ, ಅದಕ್ಕೇ ಬರೆಯುತ್ತಾ ಕೂತೆ.

ಮೇಸ್ತ್ರಿ ಫೋನ್ ಎರಡು ಸಲ ಬಂತು. ತೆಗೆಯಲಿಲ್ಲ.

ಅವಳು ಕುಕ್ಕರಿನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. "ಆಯ್ತಾ ಅಪ್ಪ? ತುಂಬಾ ಹಸಿವು." ಈ ರೂಮಿನಲ್ಲಿ ಈ ಮಾತು ಅವಳ ಬಾಯಿಂದ ಇದೇ ಮೊದಲು. ಮತ್ತೆ ಹೇಳಿದಳು. "ಹಸಿವೂ..."

ಬಂದೆ, ಮುಚ್ಚಳ ಮುಟ್ಟಬೇಡ, ಸುಡು—