ಪಣತದಮ್ಮನ ನಗು

ಸಾಗರ
28 ಸೆಪ್ಟೆಂಬರ್ 2025

ಅಮ್ಮಾ,

ಕಾಲಿನ ಊತ ಇಳಿಯಿತಾ? ತೀರ್ಥಹಳ್ಳಿಯ ಡಾಕ್ಟರು ಕೊಟ್ಟ ಮಾತ್ರೆಯನ್ನು ನುಂಗದೆ ಡಬ್ಬಿಯಲ್ಲಿ ಕೂಡಿಡುತ್ತಿದ್ದೀಯ ಎಂದು ನನಗೆ ಗೊತ್ತು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಭೂಮಿ ಹುಣ್ಣಿಮೆಗೆ ಹೊಸನಗರದ ತವರಿಗೆ ಹೋಗುತ್ತೀಯಲ್ಲ, ಪಣತದಮ್ಮನ ಕಲ್ಲಿಗೆ ಬೆಲ್ಲ ಇಡಲು. ಬೆಲ್ಲ ಇಟ್ಟು ಎಲ್ಲರೂ ಮೂರು ಸಲ ನಗುವಾಗ ಈ ಸಲ ನೀನು ನಗಬೇಡ. ಮಾವ ಕೇಳಿದರೆ ಗಂಟಲು ಕಟ್ಟಿದೆ ಅನ್ನು.

ಪಣತದಮ್ಮನ ಕತೆಯನ್ನು ಹಾಸ್ಯಕತೆಗಳ ಪುಸ್ತಕವೊಂದಕ್ಕೆ ಹಿಂದಿಗೆ ಅನುವಾದಿಸಿದೆ. ಹೊಟ್ಟೆಬಾಕ ಸೊಸೆ ಬೆಲ್ಲ ಕದಿಯಲು ಭತ್ತ ತುಂಬಿಡುವ ದೊಡ್ಡ ಮರದ ಪಣತಕ್ಕೆ ಇಳಿದಳು, ಮುಚ್ಚಳ ಬಿತ್ತು, ಒಳಗಿಂದ ಕೂಗಿದರೆ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಅವಳ ದನಿಯಲ್ಲಿ 'ತೆಗೀರೇ' ಎಂದು ಕೂಗಿದರೆ ನಾನೂ ಸ್ವಪ್ನಕ್ಕನೂ ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡವರಾದ ಮೇಲೂ ನಾವಿಬ್ಬರೂ ಫೋನಿನಲ್ಲಿ ಅದೇ 'ತೆಗೀರೇ' ಆಟ ಆಡುತ್ತಿದ್ದೆವು. ಸಂಪಾದಕರು ಮಾತ್ರ, ಇದರಲ್ಲಿ ನಗುವುದು ಎಲ್ಲಿ ಎಂದು ಕೇಳಿದರು. ಸಿಟ್ಟು ಬಂತು. ಮೂರು ಸಲ ತಿದ್ದಿದೆ, ಹಿಂದಿಯಲ್ಲಿ ಅವಳು ಬರೀ ಸಾಯುತ್ತಿದ್ದಳು.

ಕತೆಯ ಮೂಲ ಹುಡುಕಿಕೊಂಡು ಹೋದೆ. ಕಲ್ಲಿಗೆ ದೀಪ ಇಡುವ ಹುಲಿಯಮ್ಮ ಮೊದಲು ನೀನು ಹೇಳಿದ್ದನ್ನೇ ಹೇಳಿದರು. ಮೂರು ಸಲ ಜೋರಾಗಿ ನಗುವುದು ಯಾಕೆ ಎಂದಾಗ ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದರು. "ಬೆಲ್ಲಾನೂ ಇಲ್ಲ ಎಂತದೂ ಇಲ್ಲ ಮಗಾ. ತವರಿಗೆ ಹೋಗ್ತೀನಿ ಅಂದಿದ್ಕೆ ಕೂಡಿ ಹಾಕಿದ್ರು. ಮೂರು ದಿನ ಕೂಗಿದ್ಳಂತೆ. ಆಚೆಮನೆಯೋರಿಗೆ ಕೇಳಬಾರ್ದು ಅಂತ ಇವ್ರು ನಗೋದು. ನಮ್ಮತ್ತೆ ಹೇಳಿದ್ದು." ಆಮೇಲೆ ಆ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲವಂತೆ. ಹೆದರಿ ಕಲ್ಲು ನೆಟ್ಟು ಅವಳನ್ನು ದೇವಿ ಮಾಡಿದರು. ಬೆಲ್ಲದ ಮಾತು ಯಾವಾಗ ಸೇರಿತೋ ಹುಲಿಯಮ್ಮನಿಗೂ ಗೊತ್ತಿಲ್ಲ.

ಸ್ವಪ್ನಕ್ಕ ಹೋಗಿ ಹನ್ನೊಂದು ತಿಂಗಳಾಯಿತು. ಬಾವಿಕಟ್ಟೆಯಲ್ಲಿ ಕಾಲು ಜಾರಿತು ಎಂದು ಗಂಡನ ಮನೆಯವರು ಹೇಳಿದರು, ನಾವು ಒಪ್ಪಿಕೊಂಡೆವು. 'ನಿನಗಾದರೂ ಒಂದು ಮಾತು ಹೇಳಿದ್ದಳೇನೇ' ಎಂದು ನನ್ನನ್ನು ಪ್ರತಿ ಸಲವೂ ಕೇಳುತ್ತೀಯ. ಇಲ್ಲ ಎನ್ನುತ್ತಾ ಬಂದಿದ್ದೇನೆ. ನೀನು ನಿನ್ನನ್ನೇ ಬೈದುಕೊಳ್ಳುವುದನ್ನು ಕೇಳಿ ಕೇಳಿ ನನಗೆ ನನ್ನ ಮೇಲೇ ಹೇಸಿಗೆಯಾಗಿದೆ. ಅವಳ ವಿಷಯದಲ್ಲಿ ನೀನು ಏನೂ ತಪ್ಪು ಮಾಡಿಲ್ಲ ಅಮ್ಮಾ, ಇಷ್ಟನ್ನು ನಂಬು.

ಪುಸ್ತಕದಿಂದ ಕತೆಯನ್ನು ವಾಪಸ್ ತೆಗೆದುಕೊಂಡೆ. ಮಾತ್ರೆ ನುಂಗು.

ನಿನ್ನ ಕಿರಿಮಗಳು
ಕವನಾ

ಮರೆತದ್ದಕ್ಕೆ ಇದನ್ನು ಕೆಳಗೆ ಬರೆಯುತ್ತಿಲ್ಲ, ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡೆ. ಹೋದ ವರ್ಷದ ಭೂಮಿ ಹುಣ್ಣಿಮೆಯ ದಿನ ಕಲ್ಲಿನ ಹತ್ತಿರ ನನಗೊಂದು ಫೋನ್ ಬಂದಿತ್ತಲ್ಲ, ಅಕ್ಕ ಹೋದ ಮೇಲೆ ನೀನು ಕೇಳಿದಾಗ ಆಫೀಸಿನದು ಎಂದಿದ್ದೆ. ಅದು ಅಕ್ಕನದು. ಹೊರಗಿಂದ ಚಿಲಕ ಹಾಕಿದ್ದಾರೆ, ತೆಗೀರೇ, ಬಂದು ಕರ್ಕೊಂಡು ಹೋಗ್ರೇ ಎಂದಳು. ನಾನು ನಮ್ಮ ಆಟವೇ ಅಂದುಕೊಂಡು ಫೋನನ್ನು ನಿಮ್ಮೆಲ್ಲರ ಕಡೆ ಹಿಡಿದೆ. ನೀವು ಮೂರನೆಯ ಸಲ ನಗುತ್ತಿದ್ದಿರಿ. ಆಮೇಲೆ ಅವಳು ಯಾರಿಗೂ ಫೋನ್ ಮಾಡಲಿಲ್ಲ.