ಮಿಂಕಾಳ ಕಿವಿಗೆ ಓದಿದ ಸಿನಿಮಾಗಳು

ನವೆಂಬರ್ 9, ಗುರುವಾರ

ಇವತ್ತೂ ಓದಿದೆ. ಗಂಟಲು ಒಣಗಿ ಸೌದೆ. ಲೈಬ್ರರಿಯ ಗುರುವಾರದ ಸಿನಿಮಾ ಎಲ್ಲರಿಗೂ ಪುಕ್ಕಟೆ, ನನಗೆ ಮಾತ್ರ ದುಡಿತ. ಪರದೇಶದ ಚಿತ್ರ, ಕೆಳಗೆ ನಮ್ಮ ಅಕ್ಷರ. ಪಕ್ಕದಲ್ಲಿ ವಾರಗಿತ್ತಿ ಮಿಂಕಾ. ಎರಡು ಕಣ್ಣಿಗೂ ಪೊರೆ. ಪರದೆಯ ಮೇಲೆ ಏನೋ ಬೆಳಕು ಓಡಾಡುವುದು ಕಾಣುತ್ತದಂತೆ, ಅಷ್ಟೇ. ಹಾಗಾಗಿ ಅವಳ ಕಿವಿಯಲ್ಲಿ ನಾನು.

ನಾನು ಓದಿದ್ದು ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸುವಷ್ಟರಲ್ಲಿ ಸಾಲು ಮಾಯ. ಮೊದಮೊದಲು "ಹೋಯ್ತು" ಅಂತಿದ್ದೆ. ಮಿಂಕಾ ತೊಡೆ ಚಿವುಟುತ್ತಿದ್ದಳು — ಯಾರು ಹೋದರು, ಎಲ್ಲಿಗೆ ಹೋದರು, ಸರಿಯಾಗಿ ಹೇಳು. ಈಗ ಸಿಕ್ಕಿದ್ದನ್ನು ಓದುತ್ತೇನೆ, ಸಿಗದ್ದನ್ನು ಕೈಯಿಂದ ಹಾಕುತ್ತೇನೆ. ಇವತ್ತು ಒಬ್ಬ ಪಾದ್ರಿ ಬಂದ, ಏನು ಮಾಡಿದನೋ ತಿಳಿಯಲಿಲ್ಲ. ಅಡುಗೆಯವಳಿಗೆ ಗಂಟು ಹಾಕಿದೆ. ಮಿಂಕಾಗೆ ಬಹಳ ಇಷ್ಟವಾಯಿತು.

ಮುಂದಿನ ಸಾಲಿನಲ್ಲಿ ಮುದುಕ ಪೆಂಚೋ. ಹೆಸರು ಬೀಳುವ ಮೊದಲೇ ಗೊರಕೆ. ಅವನು ಬರುವುದು ಹಾಲ್‌ನ ಒಲೆಯ ಕಾವಿಗೆ.

ನವೆಂಬರ್ 16, ಗುರುವಾರ

ಮಿಂಕಾಗೆ ಆಪರೇಷನ್ ದಿನ ಗೊತ್ತಾಗಿದೆ. ಡಿಸೆಂಬರ್ 12, ಪ್ಲೊವ್ದಿವ್‌ನ ಆಸ್ಪತ್ರೆ. ಅವಳ ಅಣ್ಣನ ಮಗ ಅಸೆನ್ ಕಾರು ತರುತ್ತಾನೆ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡೇ ಹೇಳಿದಳು — ಇನ್ನು ಒಂದು ತಿಂಗಳು, ಆಮೇಲೆ ನಾನೇ ಓದ್ಕೋತೀನಿ, ನಿನ್ನ ಓದು ಕೇಳಿ ಕೇಳಿ ಕಿವಿಗೂ ಪೊರೆ ಬಂದಿದೆ.

ನಕ್ಕಳು. ನಾನೂ ನಕ್ಕೆ.

ಅವಳು ಹೈಸ್ಕೂಲು ಮುಗಿಸಿ ಬಂದ ಹಿರೀ ಸೊಸೆ. ನಾನು ಬಂದ ವರ್ಷ ನನ್ನ ಗಂಡ ಸೈನ್ಯದಲ್ಲಿದ್ದ. ಅವನ ಕೈಬರಹ ನನಗೆ ಬಗೆಹರಿಯುತ್ತಿರಲಿಲ್ಲ. ಕಾಗದ ಬಂದರೆ ಮಿಂಕಾ ದ್ರಾಕ್ಷಿ ಚಪ್ಪರದ ಕೆಳಗೆ ಬೆಂಚಿನ ಮೇಲೆ ನಿಂತು ಓದುತ್ತಿದ್ದಳು. ಅತ್ತೆ, ಮಾವ, ಕೂಲಿಯವರು, ಎಲ್ಲರ ಮುಂದೆ. ಅವನು ನನಗೆ ಮಾತ್ರ ಅಂತ ಬರೆದದ್ದನ್ನು ಎರಡೆರಡು ಸಲ. ಮಾವ ಕೆಮ್ಮಿ ಎದ್ದು ಹೋಗುತ್ತಿದ್ದರು.

ಐವತ್ತೆಂಟು ವರ್ಷವಾಯಿತು. ಅವಳಿಗೆ ನೆನಪೂ ಇರಲಿಕ್ಕಿಲ್ಲ.

ನವೆಂಬರ್ 23, ಗುರುವಾರ

ಬರೆಯಲೋ ಬೇಡವೋ... ಮೊಮ್ಮಗಳು ಬಿಟ್ಟುಹೋದ ಶಾಲೆ ನೋಟ್‌ಬುಕ್ಕು, ಯಾರು ನೋಡುತ್ತಾರೆ.

ಇವತ್ತಿನ ಚಿತ್ರದಲ್ಲಿ ಒಬ್ಬಳು ಅಗಸಗಿತ್ತಿ, ಲುಸೀಲಾ. ಕುರುಡಿ. ಅಕ್ಕ ಅಲ್ಬಾ ಕೈಹಿಡಿದು ನಡೆಸುತ್ತಾಳೆ. ಕೊನೆಗೆ ಡಾಕ್ಟರ್ ಕಣ್ಣು ಕುಯ್ದು ಪಟ್ಟಿ ಕಟ್ಟುತ್ತಾನೆ. ಪಟ್ಟಿ ಬಿಚ್ಚುವಾಗ ಇಡೀ ಹಾಲ್ ಉಸಿರು ಬಿಗಿಹಿಡಿಯಿತು. ಲುಸೀಲಾಗೆ ಕಣ್ಣು ಬಂತು. ಅಕ್ಕನ ಮುಖ ಮುಟ್ಟಿ ಮುಟ್ಟಿ ನೋಡಿದಳು. ಅಕ್ಷರ ಓದಬೇಕಾಗಿಯೇ ಇರಲಿಲ್ಲ.

ಮಿಂಕಾ ಕೇಳಿದಳು, ಯಾಕೆ ಎಲ್ಲ ಸುಮ್ಮನಾದರು?

ಪಟ್ಟಿ ಬಿಚ್ಚಿದರು ಅಂದೆ.

ಕಾಣ್ತಾ?

ಇಲ್ಲ, ಕೀವು ಅಂದೆ.

ನನ್ನ ಬಾಯೇ ಅಂದಿತು. ಅಂದ ಮೇಲೆ ಮುಂದಿನದು ತಾನಾಗೇ ಬಂತು. ನಂಜು ತಲೆಗೇರಿತು, ಅವಳು ಉಳಿಯಲಿಲ್ಲ, ಡಾಕ್ಟರ್ ಹಿಂದಿನ ಬಾಗಿಲಿಂದ ಹೋದ, ಅಕ್ಕ ಅಳುತ್ತಿದ್ದಾಳೆ. ಪರದೆಯ ಮೇಲೆ ಅಕ್ಕ ನಿಜಕ್ಕೂ ಅಳುತ್ತಿದ್ದಳು, ಸಂತೋಷಕ್ಕೆ. ದನಿ ಹೊಂದಿಕೊಂಡಿತು. ಮಿಂಕಾಳ ಉಗುರು ನನ್ನ ಅಂಗೈಗೆ ನಾಟಿತು.

ಹಿಂದೆ ಕೂತಿದ್ದ ಇಬ್ಬರು ಮುದುಕಿಯರು ಕನ್ನಡಕ ಮರೆತು ಬಂದಿದ್ದರಂತೆ. ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೇಳಿಸಿಕೊಂಡರು.

ನವೆಂಬರ್ 24

ಮಿಂಕಾ ಬೆಳಿಗ್ಗೆ ಹೊರಗೆ ಬರಲಿಲ್ಲ. ಅಂಗಳ ಒಂದೇ, ಮನೆ ಎರಡು. ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ಬೇಯಿಸಿ ತೆಗೆದುಕೊಂಡು ಹೋದೆ. ತಿನ್ನಲಿಲ್ಲ. ಆ ಹೆಂಗಸಿನ ವಯಸ್ಸೆಷ್ಟು ಅಂತ ಕೇಳಿದಳು. ನಲವತ್ತು ಅಂದೆ. ನಲವತ್ತಕ್ಕೇ ಹಾಗಾದರೆ ನಾನು ಎಂಬತ್ತೆರಡು ಅಂದಳು.

ಸುಳ್ಳು ಕಣಕ್ಕ ಅಂದಿದ್ದರೆ ಮುಗಿಯುತ್ತಿತ್ತು. ಬಾನಿತ್ಸಾ ಆರುತ್ತೆ ತಿನ್ನು ಅಂದೆ.

ಡಿಸೆಂಬರ್ 7, ಗುರುವಾರ

ಇವತ್ತು ಹಡಗಿನ ಚಿತ್ರ. ಕಣ್ಣಿನ ಮಾತೇ ಇರಲಿಲ್ಲ. ನಾನೇ ಹಡಗಿಗೆ ಒಬ್ಬ ಕಣ್ಣಿನ ಡಾಕ್ಟರನ್ನು ಹತ್ತಿಸಿದೆ. ಕುಡುಕ.

ಚೆನ್ನಾಗಿ ಹೇಳುತ್ತೇನಂತೆ. ಮಿಂಕಾ ಬಾಯಿಂದ ಈ ಮಾತು ಬರಲು ಇಷ್ಟು ವರ್ಷ ಬೇಕಾಯಿತು. ಈಗ ಬಚ್ಚಲಿಗೆ ಹೋಗಬೇಕಾದರೂ ನೆದಾ ಅಂತ ನನ್ನನ್ನೇ ಕೂಗುತ್ತಾಳೆ. ಕಣ್ಣು ಬಂದರೆ ಕೂಗುತ್ತಾಳಾ? ಮತ್ತೆ ಬೆಂಚು ಹತ್ತುತ್ತಾಳೆ.

ಡಿಸೆಂಬರ್ 12, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಅಸೆನ್ ಕಾರು ತಂದ. ಮಿಂಕಾ ಕೊನೆಗೂ ಗಟ್ಟಿ ಮನಸ್ಸು ಮಾಡಿದ್ದಳು. ಒಳ್ಳೇ ಕೋಟು, ಕೈಯಲ್ಲಿ ಗಂಟು. ದೊಡ್ಡ ಕೆಲಸಕ್ಕೆ ಹೊರಟವರ ಮುಂದೆ ಮನೆಯ ಹೆಂಗಸು ತಾಮ್ರದ ಚೊಂಬಿನಿಂದ ನೀರು ಚೆಲ್ಲಬೇಕು, ಕೆಲಸ ನೀರಿನಂತೆ ಸಲೀಸಾಗಿ ಹರಿಯಲಿ ಅಂತ. ಪರೀಕ್ಷೆಗೆ, ಸೈನ್ಯಕ್ಕೆ, ಮದುವೆಗೆ, ಈ ಮನೆಯಿಂದ ನೀರು ಚೆಲ್ಲಿಸಿಕೊಳ್ಳದೆ ಹೋದವರಿಲ್ಲ. ನಾನು ಚೊಂಬು ತುಂಬಿಕೊಂಡು ಗೇಟಿನ ಹತ್ತಿರ ನಿಂತಿದ್ದೆ.

ಒಂದು ಕಾಲು ಕಾರಿನೊಳಗೆ ಇಟ್ಟವಳು ಹಾಗೇ ನಿಂತಳು. ಕಿವಿ ಕೊಟ್ಟಳು. ನೀರು ಬೀಳುವ ಸದ್ದಿಗೆ.

ನಾನು ಚೆಲ್ಲಲಿಲ್ಲ.

ನೆದಾ, ನೀರೆಲ್ಲೇ ಅಂದಳು. ಹೆಪ್ಪುಗಟ್ಟಿದೆ ಕಣಕ್ಕ, ಬೀಳ್ತಿಲ್ಲ ಅಂದೆ. ಚೊಂಬಿನಲ್ಲಿ ನೀರು ತುಳುಕುತ್ತಿತ್ತು. ಅಸೆನ್ ಸ್ಟೇರಿಂಗ್ ಮುಂದೆ ಕೂತಿದ್ದ, ನೋಡಲಿಲ್ಲ.

ಮಿಂಕಾ ಕಾಲು ಹೊರಗೆ ತೆಗೆದಳು. ಅಸೆನ್ ಎಷ್ಟು ಬೈದರೂ ಹತ್ತಲಿಲ್ಲ. ಅತ್ತೆ, ಇದೆಲ್ಲ ಹಳೇ ಕಾಲದ ಹುಚ್ಚು ಅಂದ. ಬೀದಿಯವರೆಲ್ಲ ಕಿಟಕಿಗೆ ಬಂದರು. ಖಾಲಿ ಕಾರು ಹೋಯಿತು.

ಆಮೇಲೆ ನೀರನ್ನು ಕೋಳಿಗಳಿಗೆ ಹಾಕಿದೆ. ಹುರುಳಿಕಾಯಿ ಬೀಜದ ಸಾರು ಮಾಡಿದೆ. ಇಬ್ಬರೂ ಕೂತು ಉಂಡೆವು. ನನಗೆ ಹಸಿವೂ ಇತ್ತು.

ಫೆಬ್ರವರಿ 22

ಬಹಳ ದಿನ ಬರೆದಿಲ್ಲ.

ಹತ್ತು ದಿನದ ಹಿಂದೆ ಮಿಂಕಾಳ ಎಡಗಣ್ಣು ಕೆಂಡವಾಯಿತು. ಗೋಡೆಗೆ ಹಣೆ ಚಚ್ಚಿಕೊಂಡಳು, ವಾಂತಿ. ಅಸೆನ್ ಬಂದು ಎತ್ತಿಕೊಂಡೇ ಹೋದ. ಯಾರೂ ನೀರು ಚೆಲ್ಲು ಅನ್ನಲಿಲ್ಲ.

ಇವತ್ತು ವಾಪಸ್ಸು. ಪೊರೆ ಹಣ್ಣಾಗಿ ಒಡೆದು ಕಣ್ಣೊಳಗೆ ಒತ್ತಡ ಏರಿತಂತೆ. ಎಡಗಣ್ಣು ಹೋಯಿತು. ಬಲಗಣ್ಣಿಗೆ ಈಸ್ಟರ್ ಕಳೆದ ಮೇಲೆ ಆಪರೇಷನ್. ಡಿಸೆಂಬರ್‌ನಲ್ಲಿ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಅಂದರಂತೆ ಡಾಕ್ಟರ್. ಅಸೆನ್ ಇದನ್ನು ಗೇಟಿನಲ್ಲಿ ಹೇಳಿದ, ನನ್ನ ಹಿಂದಿನ ಗೋಡೆ ನೋಡುತ್ತಾ.

ಎಡಗಣ್ಣು.

ಮಾರ್ಚ್ 15, ಗುರುವಾರ

ಲೈಬ್ರರಿಯ ಹುಡುಗಿ ರುಮ್ಯಾನಾಗೆ ಕರುಣೆ ಜಾಸ್ತಿ. ಮಿಂಕಾ ಅಜ್ಜಿಯಂಥವರಿಗಾಗಿ ಮುಂದಿನ ವಾರ ನಮ್ಮ ಭಾಷೆಯಲ್ಲೇ ಮಾತಾಡುವ ಪ್ರತಿ ತರಿಸುತ್ತಾಳಂತೆ. ಯಾವ ಚಿತ್ರ ಬೇಕು ಅಂದಳು. ಆ ಮುದುಕಿಯರಲ್ಲಿ ಒಬ್ಬಳು ಎದ್ದು, ಆ ಅಗಸಗಿತ್ತಿಯದು ಹಾಕಮ್ಮ, ಅವತ್ತು ಕನ್ನಡಕ ಇರಲಿಲ್ಲ ಅಂದಳು. ಅವಳ ನಾಲಿಗೆ ಸೇದಿ ಹೋಗ.

ದಾರಿಯಲ್ಲಿ ಹೇಳಿ ನೋಡಿದೆ. ಚಳಿ, ಕಣ್ಣಿಗೆ ಗಾಳಿ ಬಡಿಯುತ್ತೆ, ಆ ಸಂಕಟದ ಚಿತ್ರ ಮತ್ತೆ ಯಾಕಕ್ಕ. ಮಿಂಕಾ ಅಂದಳು, ಪಾಪ ಲುಸೀಲಾ, ಈಗ ಅವಳ ಕಣ್ಣೂ ನನ್ನ ಕಣ್ಣೂ ಒಂದೇ ಅಲ್ವೇನೇ, ಹೋಗೋಣ.

ಬುಧವಾರ ಸಂಜೆ ರುಮ್ಯಾನಾ ಹತ್ತಿರ ಹೋಗಿ, ಬೇರೆ ಯಾವುದಾದರೂ ಹಾಕು ಅನ್ನಬೇಕು.

ಮಾರ್ಚ್ 21, ಬುಧವಾರ

ಹೋಗಿದ್ದೆ. ಅಗಸಗಿತ್ತಿ ಚಿತ್ರದ ಹೆಸರು ಬರೆದ ಕಾಗದ ಆಗಲೇ ಬಾಗಿಲಿಗೆ ಅಂಟಿಸಿದ್ದಳು. ಟೀ ಕೊಟ್ಟಳು, ಕುಡಿದು ಬಂದೆ.

ಮಾರ್ಚ್ 22, ಗುರುವಾರ

ನಮ್ಮ ಭಾಷೆಯಲ್ಲಿ ಒಬ್ಬ ಗಂಡಸಿನ ದನಿ, ಚಿತ್ರದ ಎಲ್ಲರ ಮಾತನ್ನೂ ಅವನೇ ಹೇಳುತ್ತಿದ್ದ. ಸಾಲು ಬಿಡಲಿಲ್ಲ, ತಡವರಿಸಲಿಲ್ಲ. ಮಿಂಕಾ ಕೈ ನನ್ನ ಕೈಯಲ್ಲಿತ್ತು. ಪಟ್ಟಿ ಬಿಚ್ಚಿದರು. "ಅಲ್ಬಾ, ನಿನ್ನ ಕೂದಲು ಬೆಳ್ಳಗಾಗಿದೆ" ಅಂತ ದನಿ ಹೇಳಿತು. ಹಾಲ್ ಪೂರ್ತಿ ಮೂಗು ಒರೆಸಿಕೊಂಡಿತು. ಹಿಂದಿನಿಂದ ಮುದುಕಿ ನಗುತ್ತಾ ಬಗ್ಗಿದಳು — ನೆದಾ, ನೀನು ಇವಳನ್ನು ಸಾಯಿಸಿದ್ದೆಯಲ್ಲೇ!

ಮಿಂಕಾ ಕೈ ತೆಗೆಯಲಿಲ್ಲ. ತೆಗೆದಿದ್ದರೆ ವಾಸಿಯಿತ್ತು. ಮನೆಯವರೆಗೂ ಹಾಗೇ ಹಿಡಿದು ಬಂದಳು. ಗೇಟಿನಲ್ಲಿ ನಿಂತಳು.

"ಅವಳಿಗೆ ಕಣ್ಣು ಬಂತು."

"ಇದು ಬೇರೆ ಚಿತ್ರ ಇರಬೇಕು ಕಣಕ್ಕ."

"ಲುಸೀಲಾನೇ. ಅಲ್ಬಾನೇ." ಆಮೇಲೆ, "ಅವತ್ತು ಚೊಂಬಿನಲ್ಲಿ ನೀರಿತ್ತಾ?"

ನಾನು ತಲೆ ತಗ್ಗಿಸಿದೆ.

"ನಂಗೆ ನಿನ್ನ ಮುಖ ಕಾಣಲ್ಲ ನೆದಾ. ಬಾಯಲ್ಲಿ ಹೇಳು."

"ಇತ್ತು."

ಕೈ ಬಿಟ್ಟಳು. ಗೋಡೆ ಸವರಿಕೊಂಡು ತನ್ನ ಬಾಗಿಲು ಹುಡುಕಿದಳು. ಎರಡು ಸಲ ತಪ್ಪಿದಳು. ಹೋಗಿ ಹಿಡಿಯಲಿಲ್ಲ. ಹಿಡಿದರೆ ಕಚ್ಚುತ್ತಿದ್ದಳು.

ಏಪ್ರಿಲ್ 5, ಗುರುವಾರ, ರಾತ್ರಿ

ಎರಡು ವಾರ ಮಾತಿಲ್ಲ. ಸಾರು ಇಟ್ಟು ಬಂದರೆ ಪಾತ್ರೆ ಹಾಗೇ ನನ್ನ ಮೆಟ್ಟಿಲ ಮೇಲೆ ಇರುತ್ತಿತ್ತು.

ಇವತ್ತು ನಾಲ್ಕೂವರೆಗೆ ಬೆತ್ತದ ಸದ್ದು. ಕಿಟಕಿ ತೆರೆದೆ. ಮಿಂಕಾ ಒಬ್ಬಳೇ, ಗಂಡನ ಹಳೇ ಬೆತ್ತ ಹಿಡಿದು ಲೈಬ್ರರಿಗೆ ಹೊರಟಿದ್ದಳು. ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಹೋದೆ. ಹತ್ತು ಹೆಜ್ಜೆ ದೂರ. ಕೇಳಿಸಿತ್ತು ಅವಳಿಗೆ, ತಿರುಗಲಿಲ್ಲ.

ಬೇಕರಿ ತಿರುವಿನಲ್ಲಿ ನಿನ್ನೆ ಪೈಪಿಗೆ ಅಂತ ಅಗೆದಿದ್ದಾರೆ, ಆಳಿನುದ್ದ. ಎಚ್ಚರಿಕೆಗೆ ಸುತ್ತ ಕಟ್ಟಿದ್ದ ಪಟ್ಟಿ ಗಾಳಿಗೆ ಹಾರಿಹೋಗಿದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ.

"ಅಕ್ಕ, ಎಡಕ್ಕೆ ಹೋಗಬೇಡ. ಗುಂಡಿ ತೋಡಿದ್ದಾರೆ. ಬಲಕ್ಕೆ ಬಾ."

ನಿಂತಳು. ಮುಖ ನನ್ನ ಕಡೆ ತಿರುಗಿಸಿದಳು, ಸ್ವಲ್ಪ ಆಚೆಗೆ.

"ಇದು ಯಾವ ಚಿತ್ರದಲ್ಲಿ ಬರುತ್ತೆ?" ಅಂದಳು.

ಎಡಕ್ಕೆ ತಿರುಗಿದಳು. ಓಡಿದೆ. ನನಗೆ ಎಪ್ಪತ್ತೊಂಬತ್ತು, ಎಷ್ಟು ಅಂತ ಓಡ... ಕೂಗಿದೆ, ನಿಜ ಕಣೇ ನಿಜ, ನನ್ನ ಮಕ್ಕಳಾಣೆ... ಬೆತ್ತ ಮುಂದೆ ಚಾಚಿದಳು, ಅದು ಯಾವುದಕ್ಕೂ ತಗಲಲಿಲ್ಲ, ಆದರೂ ಕಾಲು ಮುಂದಿಟ್ಟಳು, ಗುಂಡಿಯೊಳಗೆ...